ಸ್ಟೇಷನ್ನಿಂದ ಐದೇ ಮಿನಿಟು

ಖಾನಾವಳಿ ನಡಸೋರು ನಗೋ ಸುದ್ದಿ ಹುಡಕ್ಕೋತ ಎಲ್ಲೂ ಹೋಗಬೇಕಾಗಿಲ್ರಿ. ಅವೇ ನಡಕೋತ ಬಂದು, ಕೈ ತೊಳಕೊಂಡು, ತಾಟಿನ ಮುಂದ ಕೂಡತಾವ. ಅದರಾಗೂ ನಾ ರೊಟ್ಟಿ ಬಡದದ್ದು ಯಾದಗಿರಿ ಸ್ಟೇಷನ್ನಿನ ಹಿಂದಿನ ಓಣ್ಯಾಗ. ಅಲ್ಲಿ ಒಂದು ಸುದ್ದಿ ಉಂಡು ಏಳೂದರಾಗ ಇನ್ನೊಂದು ಸುದ್ದಿ ಬಂದು ಪಲ್ಯಾ ಕೇಳತಿತ್ತು.

ನಾ ಅಲ್ಲಿ ಒಲಿ ಹೂಡಿದಾಗ ಆ ಕಡಿ ಇದ್ದದ್ದು ಜಾಲಿಕಂಟಿ, ಹಂದಿ, ಮತ್ತ ಒಂದು ಹಾಳಬಿದ್ದ ಗೋದಾಮು. ನನ್ನ ಗಂಡ ಗೂಡ್ಸ್ ಶೆಡ್ಡಿನ್ಯಾಗ ಹಮಾಲಿ ಮಾಡತಿದ್ದ. ಚೀಲಾ ಹೊತ್ತು ಹೊತ್ತು ಅವನ ನಡಾ ಹೋತು. ಅವ ಮನ್ಯಾಗ ಕೂತ, ನಾ ಅವನ ಜೋಡಿ ಹಮಾಲರಿಗಿ ರೊಟ್ಟಿ ಬಡದು ಹಾಕಾಕ ಸುರು ಮಾಡಿದೆ. ಒಂದು ತಗಡಿನ ಶೆಡ್ಡು, ಕೂಡಾಕ ಎರಡು ಬಾಂಕು, ಒಂದು ನೀರಿನ ಹಂಡೆ. ಆಮ್ಯಾಲ ಊರು ಜಿಲ್ಲಾ ಆತು, ಆಫೀಸ್ ಬಂದ್ವು, ಹಳಿ ದಾಟಾಕ ಮೆಟ್ಟಲ ಪುಲ್ ನಮ್ಮ ಕಡೀನೂ ಇಳೀತು. ಪುಲ್ ಇಳದ ಜಾಗಾಕ್ಕ ದಲಾಲಿ ಇಳದ.

ದಲಾಲಿ ಗಡಿಯಾರ

ಅವನ ಹೆಸರು ಬ್ಯಾಡ, ಅವ ಇವತ್ತಿಗೂ ನಮ್ಮ ಗಿರಾಕಿ. ಬಿಳಿ ಅಂಗಿ, ಕಿಸೇದಾಗ ಎರಡು ಫೋನು. ಪ್ಲಾಟ್ ನೋಡಾಕ ಬಂದ ಮಂದೀನ ಮೊದಲು ನಮ್ಮ ಖಾನಾವಳಿಗಿ ಕರಕೊಂಡು ಬರತಿದ್ದ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಉಣ್ಣಸ್ತಿದ್ದ. ಹೊಟ್ಟಿ ತುಂಬಿದ ಮ್ಯಾಲ ಹೊರಗ ಒಯ್ದು ಜಾಲಿಕಂಟಿ ತೋರಸ್ತಿದ್ದ. ಹಸದಾವ ಕಂಟಿ ನೋಡಿದ್ರ ಕಂಟಿನೇ ಕಾಣತದ, ಉಂಡಾವ ನೋಡಿದ್ರ ಬಂಗಲೆ ಕಾಣತದ. ಇದು ನನ್ನ ಗಂಡನ ಮಾತು. ನಡಾ ಹೋದ ಮ್ಯಾಲ ಅವನಿಗಿ ಉಳದದ್ದು ಬಾಯಿ ಒಂದೇ.

ದಲಾಲಿ ಎಲ್ಲಾರಿಗೂ ಹೇಳೋದು ಒಂದೇ ಮಾತು: "ಸ್ಟೇಷನ್ನಿಂದ ಐದೇ ಮಿನಿಟು."

ಒಂದಿನ ಶಹಾಪುರದಾಗ ನೌಕರಿ ಮಾಡೋ ನರ್ಸಬಾಯಿ ಒಬ್ಬಾಕಿ ತಾಯೀನ ಕರಕೊಂಡು ಬಂದಳು. ತಾಯಿ ವಯಸ್ಸಾದಾಕಿ, ಮಣಕಾಲು ನೋವು, ಆದ್ರ ಮಾತು ಗಟ್ಟಿ.

"ಐದು ಮಿನಿಟು ಗಾಡೀ ಮ್ಯಾಲೋ, ನಡಕೋತೋ?" ಅಂತ ಕೇಳಿದಳು ಮುದುಕಿ.

"ನಡಕೋತ ರೀ ಅವ್ವಾರ."

"ಆತು" ಅಂದು ಮುದುಕಿ ಸ್ಟೇಷನ್ನಿಗಿ ಹೋಗಿ, ಪುಲ್ ಹತ್ತಿ, ಇಳದು, ಅಲ್ಲಿಂದ ಪ್ಲಾಟಿನ ತನಕ ನಡದು ನೋಡಿದಳು. ಹಾದ್ಯಾಗ ಒಂದು ಕಡಿ ಕೂತು ನೀರು ಕುಡದಳು, ಇನ್ನೊಂದು ಕಡಿ ಕೂತು ಎಲಿ ಅಡಿಕಿ ಹಾಕ್ಕೊಂಡಳು. ಅಷ್ಟರಾಗ ನಾ ಒಂದು ಬುಟ್ಟಿ ರೊಟ್ಟಿ ಮುಗಿಸಿದ್ದೆ. ತಿರುಗಿ ಬಂದು ದಲಾಲಿ ಮುಂದ ಕೋಲು ಊರಿ ನಿಂತಳು.

"ಎಲ್ಲದಪಾ ನಿನ್ನ ಐದು ಮಿನಿಟು?"

ದಲಾಲಿ ಕೈ ಮುಗದ. "ಅವ್ವಾರ, ನೀವು ಬೀಗರ ಮನಿಗಿ ಹೊಂಟಂಗ ನಡದ್ರಿ. ನಾ ಹೇಳಿದ್ದು ಗಾಡಿ ತಪ್ಪತದ ಅಂತ ಓಡೋರ ಐದು ಮಿನಿಟು."

"ಹಂಗಾದ್ರ ನಾ ಐದು ಮಿನಿಟಿನ್ಯಾಗ ಮನಿ ಮುಟ್ಟಬೇಕಾದ್ರ ಗಾಡಿ ನಮ್ಮ ಮನಿ ಮುಂದಿಂದ ಬಿಡಬೇಕು ಅಂದಂಗಾತು."

ಇಷ್ಟೆಲ್ಲಾ ಅಂದ್ರೂ ಪ್ಲಾಟ್ ತಗೊಂಡ್ರು. ಯಾಕಂದ್ರ ಅದೇ ಪ್ಲಾಟಿನ ಎರಡನೇ ಗಿರಾಕಿ ಬಾಜೂ ಬಾಂಕಿನ ಮ್ಯಾಲ ಎಣಗಾಯಿ ಉಣ್ಣಾಕತ್ತಿದ್ದ.

ಮಾಸ್ತರ ಮಾಳಗಿ ಮನಿ

ಸರಕಾರಿ ಸಾಲಿ ಮಾಸ್ತರು ಒಬ್ಬರು ಇದ್ರು. ರಿಟೈರ್ ಆದಾಗ ಬಂದದ್ದೆಲ್ಲಾ ತಂದು ನಮ್ಮ ಓಣ್ಯಾಗ ಸಿಮೆಂಟಿಗಿ ಸುರದ್ರು. ಕೆಳಗ ಒಂದು ದೊಡ್ಡ ಹಾಲು, ಮ್ಯಾಲ ಎರಡು ಮಾಳಗಿ. ಅವರ ಲೆಕ್ಕ ಸರಳ ಇತ್ತು. ಜಿಲ್ಲಾ ಆಗ್ಯದ, ಆಫೀಸರ ಬರ್ತಾರ, ಸ್ಟೇಷನ್ ಹಂತ್ಯಾಕ ಮನಿ ಅಂದ್ರ ಜಗಳಾಡಿ ಹಿಡೀತಾರ, ತಾವು ಗಂಡ ಹೆಂಡತಿ ಕೆಳಗ ಆರಾಮ ಕೂತು ಕಿರಾಯಿ ಉಣ್ಣೋದು.

ಆಫೀಸರ ಬಂದ್ರು, ಖರೇ. ಮೊದಲು ಬಂದ ಸಾಹೇಬ್ರು ಮನಿ ತುಂಬಾ ಅಡ್ಡ್ಯಾಡಿ ನೋಡಿದ್ರು. ನಳಾ ತಿರುವಿ ನೋಡಿದ್ರು. ಛಲೋ ಅದ ಅಂದ್ರು.

"ಸ್ಟೇಷನ್ ಎಷ್ಟು ದೂರ ಆಗತದ ಮಾಸ್ತರ?"

"ಇಲ್ಲೇ ರೀ. ಗಾಡಿ ಬಂದದ್ದು ಅಡಗಿ ಮನ್ಯಾಗ ಕೇಳತದ."

ಸಾಹೇಬ್ರ ಮಾರಿ ಅರಳಿತು. "ಇಷ್ಟು ಹಂತ್ಯಾಕ ಇದ್ರ ಭಾಳ ಛಲೋ ಆತು. ಆಫೀಸ್ ಬಿಟ್ಟ ಕೂಡಲೇ ಗಾಡಿ ಹತ್ತಿ ಕಲಬುರ್ಗಿ ಮುಟ್ಟತೀನಿ. ಮತ್ತ ಇಲ್ಲಿ ಮನಿ ಯಾಕ ಬೇಕು?"

ಎರಡನೇದವರು ಬ್ಯಾಂಕಿನವರು. ಅವರು ರಾಯಚೂರ ಕಡಿ ಹೋಗಿಬಂದು ಮಾಡೋರು. ಅವರೂ ಅದೇ ಮಾತು ಅಂದ್ರು. ಮಕ್ಕಳ ಸಾಲಿ ಅಲ್ಲದ, ಹೆಂಡತಿ ನೌಕರಿ ಅಲ್ಲದ, ಗಾಡಿ ಅಂತೂ ಇಲ್ಲೇ ನಿಲ್ಲತದ. ಹಿಂಗ ಬಂದವರೆಲ್ಲಾ ಮನಿ ನೋಡಿ, ಸ್ಟೇಷನ್ ನೋಡಿ, ಸ್ಟೇಷನ್ನೇ ಆರಿಸಿಕೊಂಡ್ರು. ಸ್ಟೇಷನ್ ಹಂತ್ಯಾಕ ಅದ ಅಂತ ಮಾಸ್ತರು ಮನಿ ಕಟ್ಟಿದ್ರು. ಸ್ಟೇಷನ್ ಹಂತ್ಯಾಕ ಅದ ಅಂತನೇ ಯಾರೂ ಬರಲಿಲ್ಲ.

ಮಾಸ್ತರು ನಮ್ಮಲ್ಲಿ ರೊಟ್ಟಿ ಒಯ್ಯಾಕ ಬಂದಾಗ ಮಾತಾಡೋದು ಬಿಟ್ರು. ಒಂದು ಕಾಲಕ್ಕ ನನ್ನ ಗಂಡನ ಜೋಡಿ ರಾಜಕಾರಣ, ಮಳಿ ಬೆಳಿ ಎಲ್ಲಾ ಮಾತಾಡತಿದ್ರು. ಈಗ ರೊಟ್ಟಿ ಕಟ್ಟೋ ತನಕ ಹಳಿ ಕಡಿ ನೋಡಕೋತ ನಿಲ್ಲತಿದ್ರು.

ಕಡೀಕ ಆ ಮೊದಲಿನ ಸಾಹೇಬ್ರೇ ಒಂದಿನ ಮುಂಜಾನಿ ಗಾಡಿ ಇಳದು ಮಾಸ್ತರ ಬಾಗಿಲಕ್ಕ ಬಂದ್ರು. ಮಾಸ್ತರು ಕೀಲಿಕೈ ತಗೊಂಡೇ ಹೊರಗ ಬಂದ್ರು.

"ಮಾಸ್ತರ, ಸ್ಟೇಷನ್ನಿಂದ ಆಫೀಸಿಗಿ ಹೋಗಾಕ ಒಂದು ಮೋಟರ್ ಸೈಕಲ್ ಇಟ್ಟೀನಿ. ನಾ ಕಲಬುರ್ಗಿಗಿ ಹೋದಾಗ ಅದನ್ನ ನಿಮ್ಮ ಮನ್ಯಾಗ ನಿಲ್ಲಿಸಿ ಹೋಗಲೇನು?"

ಒಂದು ಮೋಟರ್ ಸೈಕಲ್ ಬಂತು. ಅದರ ಹಿಂದ ಆಫೀಸಿನವರ ಗಾಡಿ ಎಲ್ಲಾ ಬಂದ್ವು. ಕೆಳಗಿನ ಹಾಲು ತುಂಬಿತು, ಫಳಫಳ ಹೊಳೆಯೋ ಟೈಲ್ಸ್ ಮ್ಯಾಲ ಆಯಿಲ್ ಸೋರಿತು. ಮಾಸ್ತರು ಬಾಗಿಲದಾಗ ಕುರ್ಚಿ ಹಾಕ್ಕೊಂಡು ಟೋಕನ್ ಕೊಡಾಕ ಕೂತರು. ತಮ್ಮ ಮನಿ ಕಾಯೋ ವಾಚ್‌ಮನ್ ತಾವೇ ಆದ್ರು.

ಒಂದಿನ ನಾ ರೊಟ್ಟಿ ಕೊಡಾಕ ಹೋಗಿದ್ದೆ. ಮಾಸ್ತರ ಹೆಂಡತಿ ಆರತಿ ತಾಟು ಹಿಡಕೊಂಡು ಒಳಗಿಂದ ಬಂದಳು. "ಏನ್ರೀ, ದೇವರ ಖೋಲ್ಯಾಗ ಯಾರೋ ಸ್ಕೂಟಿ ಹಚ್ಯಾರ. ನಾ ಪೂಜಿ ಎಲ್ಲಿ ಮಾಡಲಿ?"

ಮಾಸ್ತರು ಟೋಕನ್ ನೋಡಿದ್ರು. ಮಾರೀ ಮ್ಯಾಲ ನಗೀ ಇಲ್ಲ, ಏನಿಲ್ಲ.

"ಇರಲಿ ಬಿಡು. ಅದು ಆಫೀಸಿನ ಆ ಹೆಣಮಗಳದು. ಶುಕ್ರವಾರ ಉಪಾಸ ಮಾಡ್ತಾಳ."

ಸೀಟಿ ಹೊಡೀಬ್ಯಾಡ್ರಿ

ಹಾಳಬಿದ್ದ ಗೋದಾಮು ಕೆಡವಿ ಅಲ್ಲಿ ಫ್ಲಾಟ್ ಎಬ್ಬಿಸಿದ್ರು. ಬಾಲ್ಕನ್ಯಾಗ ನಿಂತ್ರ ಹಳಿ ಕಾಣತಾವ ಅಂತನೇ ಹೆಚ್ಚಿಗಿ ರೊಕ್ಕಾ ತಗೊಂಡು ಮಾರಿದ್ರು. ಫ್ಲಾಟಿನವರು ತಮ್ಮದೊಂದು ಸಂಘ ಮಾಡಕೊಂಡು ಒಬ್ಬರನ್ನ ಅಧ್ಯಕ್ಷರನ್ನ ಮಾಡಿದ್ರು. ಅಧ್ಯಕ್ಷರು ಮಾಡಿದ ಮೊದಲನೇ ಕೆಲಸ ಅಂದ್ರ ಸ್ಟೇಷನ್ನಿಗಿ ಹೋಗಿ ತಕರಾರು ಮಾಡಿದ್ದು. ಇದನ್ನ ನಮ್ಮಲ್ಲಿ ಊಟಾ ಮಾಡೋ ರೈಲ್ವೆ ನೌಕರ ಒಬ್ಬ ಬಂದು ಹೇಳಿದ.

"ಮಧ್ಯಾನ್ನ ಒಂದು ಗಳಿಗಿ ಅಡ್ಡಾಗಬೇಕಂದ್ರ ಆಗವಲ್ದು. ನಿಮ್ಮ ಡ್ರೈವರಗೋಳಿಗಿ ಸೀಟಿ ಹೊಡೀಬ್ಯಾಡ ಅಂತ ಹೇಳ್ರಿ" ಅಂದ್ರಂತ ಅಧ್ಯಕ್ಷರು.

"ಸಾಹೇಬ್ರ, ನೀವು ಇಲ್ಲಿ ಮನಿ ಯಾಕ ತಗೊಂಡ್ರಿ?"

"ಸ್ಟೇಷನ್ ಹಂತ್ಯಾಕ ಅದ ಅಂತ."

"ಮತ್ತ ಸ್ಟೇಷನ್ನಿಗಿ ಏನು ಬರತದ ಅಂತ ತಿಳಕೊಂಡಿದ್ರಿ?"

ಅಧ್ಯಕ್ಷರು ಸ್ವಲ್ಪ ವಿಚಾರ ಮಾಡಿ ಅಂದ್ರಂತ: "ಗಾಡಿ ಬರಲಿ ರೀ, ನಾವೇನು ಬ್ಯಾಡ ಅನ್ನಂಗಿಲ್ಲ. ಆದ್ರ ನಾವು ಹತ್ತೋ ಗಾಡಿ ಅಷ್ಟೇ ಬರಲಿ."

ಹೊಳಿ ಮೀನು, ಕಡಲ ಮೀನು

ಪುಲ್ ಇಳಿಯೋ ಜಾಗಾದಾಗ ಒಂದು ಬೇವಿನ ಗಿಡ. ಅದರ ಬುಡಕ್ಕ ಮೀನು ಮಾರೋಕಿ ಕೂಡತಿದ್ದಳು. ಭೀಮಾ ದಂಡಿ ಮ್ಯಾಲಿನ ಹೆಣಮಗಳು, ಗಂಡ ಹೊಳ್ಯಾಗ ಬಲಿ ಬೀಸತಿದ್ದ. ಮುಂಜಾನಿ ಹಿಡದ ಮೀನು ಬುಟ್ಟ್ಯಾಗ ಇನ್ನೂ ಬಾಯಿ ಆಡಸ್ತಿದ್ದವು. ಹಮಾಲರು, ಗ್ಯಾಂಗ್‌ಮನ್‌ಗೋಳು, ಆಟೋದವರು, ಎಲ್ಲಾರೂ ಆಕಿ ಗಿರಾಕಿ. ಮೀನು ಮಾರಿ ಮುಗಿದ ಮ್ಯಾಲ ನನ್ನ ಹತ್ರ ಬಂದು ಒಂದು ರೊಟ್ಟಿ ತಿಂದು ಹೋಗತಿದ್ದಳು. ನಂದು ಆಕೀದು ಅಂಥ ಗೆಣೆತನ.

ಸೀಟಿ ನಿಲ್ಲಿಸಾಕ ಆಗಲಿಲ್ಲ ಅಂತ ಅಧ್ಯಕ್ಷರ ಕಣ್ಣು ಈಕಿ ಮ್ಯಾಲ ಬಿತ್ತು. ಗಿಡದ ಬುಡಕ್ಕ ಬಂದು ಮೂಗಿಗಿ ಕರ್ಚೀಫ್ ಹಿಡದು ನಿಂತ್ರು.

"ನೋಡಮ್ಮಾ, ನಿನ್ನ ಮೀನಿನ ವಾಸನಿಗಿ ನಮ್ಮ ಫ್ಲಾಟಿನ ಕಿಮ್ಮತ್ತು ಇಳ್ಯಾಕತ್ತದ."

"ಸಾಹೇಬ್ರ, ಈ ಕಡಿ ಮಂದಿ ಹಾಯತಾರ ಅಂತ ನಿಮ್ಮ ಫ್ಲಾಟಿಗಿ ಕಿಮ್ಮತ್ತು ಬಂತು. ಇಲ್ಲಿ ಹಂದಿ ಬಿಟ್ರ ಯಾರೂ ಹಾಯದಾಗ ಮಂದಿ ಬಂದದ್ದು ನನ್ನ ಬುಟ್ಟಿಗಿ, ಈ ಅಕ್ಕನ ರೊಟ್ಟಿಗಿ."

ಮಾತು ಖರೇ ಇತ್ತು. ಖರೇ ಮಾತಿಗಿ ಉತ್ತರಾ ಕೊಡೋದು ತ್ರಾಸ, ಬುಟ್ಟಿ ಎತ್ತಿಸೋದು ಸರಳ. ಎತ್ತಿಸಿದ್ರು. ಗಿಡದ ಸುತ್ತ ಕಟ್ಟಿ ಕಟ್ಟಿಸಿ, ಯಾರೂ ಕೂಡಬಾರದಂತ ಅದರ ಮ್ಯಾಲ ಕಬ್ಬಿಣದ ಮುಳ್ಳು ಹಾಕಿಸಿದ್ರು. ಆಕಿ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದಳು. ಮಧ್ಯಾನ್ನದ ತನಕ ಬಿಸಲಾಗ ತಿರುಗಿದ ಮೀನು ಯಾರು ತಗೋತಾರ? ಎಷ್ಟೋ ದಿನ ಉಳದ ಮೀನು ಹೊಳೀಗಿ ಒಯ್ದು ಒಗದಳು. "ಹಿಡದಲ್ಲೇ ಬಿಟ್ಟು ಬಂದೆ, ಅಕ್ಕಾ" ಅಂದು ನಗತಿದ್ದಳು. ಕಣ್ಣಾಗ ನಗೀ ಇರತಿರಲಿಲ್ಲ.

ಆಮ್ಯಾಲ ಫ್ಲಾಟಿನ ಕೆಳಗ ಕಾಚಿನ ಬಾಗಿಲದ ದುಕಾನ ಒಂದು ಆತು. ಒಳಗ ಏಸಿ, ಬರ್ಫಿನ ಪೆಟ್ಟಿಗಿ, ಪೆಟ್ಟಿಗ್ಯಾಗ ಸಮುದ್ರದ ಮೀನು. ಎಲ್ಲಿಂದಲೋ ಥರ್ಮಾಕೋಲ್ ಡಬ್ಬ್ಯಾಗ ಮಲಕೊಂಡು ಬರತಿದ್ದವು. ಸಮುದ್ರದ ಮೀನಿಗಿ ಇಲ್ಲಿ ಇಳಿಯಾಕ ಜಾಗಾ ಅದ, ಹೊಳಿ ಮೀನಿಗಿ ಕೂಡಾಕ ಜಾಗಾ ಇಲ್ಲ ಅಂದ ನನ್ನ ಗಂಡ.

ದುಕಾನದಾಗ ಮೀನು ಹೆಚ್ಚೋರು ಬೇಕಾಗಿತ್ತು. ಆಕಿಗೂ ನಾಲ್ಕು ಕಾಸು ಬೇಕಾಗಿತ್ತು. ಹೋಗಿ ಕೇಳಿದಳು, ತಗೊಂಡ್ರು. ತಲೀಗಿ ಪ್ಲಾಸ್ಟಿಕ್ ಟೋಪಿ, ಕೈಗಿ ರಬ್ಬರ್ ಗ್ಲೌಸ್. ಅಲ್ಲೇ ಎಂಟ್ಹತ್ತು ಹೆಜ್ಜಿ ಮ್ಯಾಲ ಆಕಿ ಕೂಡತಿದ್ದ ಬೇವಿನ ಗಿಡ ಕಾಚಿನ್ಯಾಗಿಂದ ಕಾಣತಿತ್ತು.

ಒಂದಿನ ಅಧ್ಯಕ್ಷರು ಖುದ್ದು ಬಂದ್ರು. ಟೋಪಿ ಹಾಕ್ಕೊಂಡಾಕಿ ಯಾರು ಅಂತ ಗುರ್ತು ಹಿಡೀಲಿಲ್ಲ. ಪೆಟ್ಟಿಗ್ಯಾಗ ಬಗ್ಗಿ ನೋಡಿ, "ಏನಮ್ಮಾ, ಮೀನು ತಾಜಾ ಅದಾವೇನು?" ಅಂತ ಕೇಳಿದ್ರು.

ಆಕಿ ಕತ್ತಿ ಕೆಳಗಿಟ್ಟು ಶಾಂತ ಅಂದಳು: "ಅದನ್ನ ಹೇಳಬಾರದು ಅಂತನೇ ನನಗ ನೌಕರಿ ಕೊಟ್ಟಾರ ರೀ."

ಸುಣ್ಣದ ಕಲ್ಲು

ನಮ್ಮ ಅಕ್ಕನ್ನ ಸುರಪುರಕ್ಕ ಕೊಟ್ಟದ. ಭಾವ ಅಲ್ಲಿ ಒಂದು ಆಫೀಸಿನ್ಯಾಗ ಗುಮಾಸ್ತ. ಸುರಪುರದವರಿಗಿ ರೈಲು ಹತ್ತಬೇಕಂದ್ರ ಬಸ್ಸಿನ್ಯಾಗ ಶಹಾಪುರ ದಾಟಿ ಯಾದಗಿರಿಗಿ ಬರಬೇಕು. ಹಂಗ ಬಂದಾಗೆಲ್ಲಾ ಭಾವ ನಮ್ಮಲ್ಲಿ ಉಂಡು, ಓಣ್ಯಾಗ ಎದ್ದ ಮಾಳಗಿ ನೋಡಿ ಹೊಟ್ಟಿ ಉರಕೋತಿದ್ದ.

"ಕಂಟಿ ಇದ್ದಾಗ ಒಂದು ಪ್ಲಾಟ್ ಹಿಡದಿದ್ರ ಇವತ್ತು ನಾ ಎಲ್ಲಿ ಇರತಿದ್ದೆ, ತಂಗಿ?"

"ಮಾಸ್ತರ ಬಾಜೂ ಕೂತು ಟೋಕನ್ ಕೊಡತಿದ್ರಿ, ಭಾವಾರ" ಅಂದೆ. ಅವನಿಗಿ ಹಿಡಸಲಿಲ್ಲ.

ಈ ಮಾತು ದಲಾಲಿ ಕಿವೀಗಿ ಬಿತ್ತು. ಶಹಾಪುರ, ಸುರಪುರದ ಕಡಿ ರೈಲು ಬರತದ, ಬರತದ ಅನ್ನೋ ಸುದ್ದಿ ನಾವೆಲ್ಲಾ ಸಣ್ಣವರಿದ್ದಾಗಿಂದ ಕೇಳತೀವಿ. ದಲಾಲಿ ಭಾವನ್ನ ಮೋಟರ್ ಸೈಕಲ್ ಮ್ಯಾಲ ಕೂಡಿಸಿಕೊಂಡು ಹೋಗಿ, ಆ ಹಾದ್ಯಾಗ ಒಂದು ಹೊಲದ ಬಾಜೂ ನಿಲ್ಲಿಸಿ, ಬಿಳೀ ಕಲ್ಲು ಒಂದು ತೋರಿಸಿದ. "ಸರ್ವೇ ಕಲ್ಲು ರೀ. ಸ್ಟೇಷನ್ ಇಲ್ಲೇ. ಇನ್ನ ಯಾರಿಗೂ ಗೊತ್ತಿಲ್ಲ." ಭಾವ ಅಕ್ಕನ ಕೊಳ್ಳಾಗಿನ ಬಂಗಾರದ ಸರ ಮಾರಿ ಪ್ಲಾಟ್ ತಗೊಂಡ.

ತಗೊಂಡ ಮ್ಯಾಲ ನಮ್ಮನ್ನೆಲ್ಲಾ ಬುತ್ತಿ ಕಟ್ಟಿಸಿಕೊಂಡು ನೋಡಾಕ ಕರಕೊಂಡು ಹೋದ. ಅಕ್ಕ ಬರೀ ಕೊಳ್ಳಿಗಿ ಸೆರಗು ಹೊದ್ದಿದ್ದಳು. ಭಾವ ಕಲ್ಲಿಗಿ ಒರಗಿ ಕೂತು ಕೈ ಮಾಡಿ ತೋರಸಾಕತ್ತಿದ. "ಪ್ಲಾಟ್‌ಫಾರಂ ಇಲ್ಲಿ ಬರತದ. ಟಿಕೆಟ್ ಕೊಡೋದು ಅಲ್ಲಿ. ಆಟೋ ನಿಲ್ಲೋದು ಆ ಕಡಿ."

"ಹಮಾಲರು ಎಲ್ಲಿ ಕೂಡೋದು?" ಅಂತ ಕೇಳಿದ ನನ್ನ ಗಂಡ.

"ಹೊಸಾ ಸ್ಟೇಷನ್ನಿನ್ಯಾಗ ಹಮಾಲರು ಇರಂಗಿಲ್ಲ."

ನನ್ನ ಗಂಡ ರೊಟ್ಟಿ ಮುರದ. ಅಷ್ಟರಾಗ ಬಾಜೂ ಹೊಲದ ಒಕ್ಕಲಿಗ ಎತ್ತು ಹೊಡಕೊಂಡು ಬಂದ. "ಯಪ್ಪಾ, ಆ ಕಲ್ಲಿಗಿ ಒರಗಬ್ಯಾಡ್ರಿ, ಅಂಗಿಗಿ ಹತ್ತತದ. ನಿನ್ನೆರ ಮತ್ತೊಮ್ಮಿ ಸುಣ್ಣಾ ಹಚ್ಚೀನಿ."

"ನೀ ಯಾಕ ಹಚ್ಚಿದಿ?" ಅಂದ ಭಾವ.

"ಗಳೆ ಹೊಡೀವಾಗ ಎತ್ತಿನ ಕಾಲಿಗಿ ಬಡೀತಿತ್ರೀ. ಬಿಳೇದಿದ್ರ ಕಾಣತದ."

ಭಾವನ ಬೆನ್ನ ಮ್ಯಾಲ ಅಂಗೈಯಷ್ಟು ಸುಣ್ಣ ಹತ್ತಿತ್ತು. ಯಾರೂ ನಗಲಿಲ್ಲ. ಅಕ್ಕ ಬುತ್ತಿ ಅರ್ಧಕ್ಕ ಕಟ್ಟಿದಳು. ತಿರುಗಿ ಬಸ್ ಹತ್ತಿದೆವು. ಶಹಾಪುರ ಬಸ್‌ಸ್ಟ್ಯಾಂಡಿನ್ಯಾಗ ಬಸ್ ನಿಂತಾಗ ಭಾವ "ಬಂದೆ" ಅಂತ ಇಳದು ಬಜಾರಕ್ಕ ಹೋದ. ಸಿಟ್ಟಿನ್ಯಾಗ ಎಲ್ಲಿ ಹೋದನೋ ಅಂತ ಅಕ್ಕನ ಜೀವ ಹಾರಾಕತ್ತಿತು. ಸ್ವಲ್ಪ ಹೊತ್ತಿಗಿ ತಿರುಗಿ ಬಂದ. ಕೈಯಾಗ ಒಂದು ಬಿಳಿ ಬಣ್ಣದ ಡಬ್ಬಿ, ಒಂದು ಬ್ರಶ್.

"ಇದ್ಯಾಕ್ರೀ?" ಅಂದಳು ಅಕ್ಕ.

"ಸುಣ್ಣ ಮಳೀಗಿ ಹೋಗತದ. ಪೇಂಟ್ ಉಳೀತದ."

ಕಲ್ಲಿಗಿ ಪೇಂಟ್ ಬಳದು, ಸರ್ವೇ ಕಲ್ಲು ಅಂತ ತೋರಿಸಿ ಪ್ಲಾಟ್ ಮಾರಿದ. ಅಕ್ಕನ ಕೊಳ್ಳಾಗಿಂದು ತಿರುಗಿ ಬಂತು, ಮೊದಲಿಗಿಂತ ದಪ್ಪಂದು. ತಗೊಂಡಾವ ಭಾವಗಿಂತ ಶಾಣ್ಯಾ. ಅವ ಇನ್ನೊಂದು ಕಲ್ಲು ನಟ್ಟು ಅದಕ್ಕೂ ಪೇಂಟ್ ಹೊಡದಾನ. ಹಿಂಗಾಗಿ ಆ ಕಡಿ ರೈಲು ಇನ್ನೂ ಬಂದಿಲ್ಲ, ಆದ್ರ ಎರಡನೇ ಪ್ಲಾಟ್‌ಫಾರಂ ತಯಾರಾಗ್ಯದ.

ಮುಂದ ಎಲ್ಲಿ, ಅಕ್ಕಾರ?

ಇಷ್ಟು ದಿನ ಮಂದಿ ಸುದ್ದಿ ನೋಡಿ ನಕ್ಕಾಕಿ ನಾನು. ಒಂದಿನ ನಮ್ಮ ಶೆಡ್ಡಿನ ಮಾಲಕ ಸಾಹುಕಾರ ಬಂದ. ಒಳ್ಳೆ ಮನಷ್ಯಾ, ಎಂದೂ ಬಿರುಸು ಮಾತಾಡಿದಾವಲ್ಲ. ಊಟಾ ಮಾಡಿದ, ಕೈ ತೊಳಕೊಂಡ, ಹೆಗಲ ಮ್ಯಾಲಿನ ಟಾವೆಲ್ಲಿಗಿ ಬಾಯಿ ಒರಸಿಕೊಂಡ.

"ತಂಗಿ, ಜಾಗಾ ಖಾಲಿ ಮಾಡಬೇಕಾಗತದ. ದೊಡ್ಡ ಹೋಟೆಲ್ಲಿನವರು ಕೇಳಾಕತ್ತಾರ."

"ನಾ ಎಂದರ ಕಿರಾಯಿ ನಿಲ್ಲಿಸೀನೇನ್ರೀ?"

"ಇಲ್ಲವ್ವಾ. ನೀ ಇದ್ದೀ ಅಂತ ಮಂದಿ ಬಂದ್ರು. ಮಂದಿ ಬಂದ್ರು ಅಂತ ಜಾಗಾಕ್ಕ ರೇಟ್ ಬಂತು. ರೇಟ್ ಬಂದದ ಅಂತ ನೀ ಏಳಬೇಕು."

"ಇದರಾಗ ನಂದೇನು ತಪ್ಪು?"

ಸಾಹುಕಾರ ಖರೇನೇ ವಿಚಾರ ಮಾಡಿದ. "ಛಲೋ ರೊಟ್ಟಿ ಬಡದದ್ದು" ಅಂದ.

ತಗಡು ಬಿಚ್ಚುವಾಗ ಹಮಾಲರು ಬಂದು ಬಾಂಕು ಹೊತ್ರು. ಯಾರೂ ಕೂಲಿ ತಗೋಲಿಲ್ಲ. ನನ್ನ ಗಂಡ ಅವರ ಜೋಡಿ ಒಂದು ಬಾಂಕು ಎತ್ತಾಕ ಹೋಗಿ, ನಡಾ ಹಿಡಕೊಂಡು ಹಂಗೇ ಅದರ ಮ್ಯಾಲ ಕೂತ. ಅವನ್ನೂ ಬಾಂಕಿನ ಸಮೇತ ಹೊತ್ರು. ಆಗ ಒಂದಿಷ್ಟು ನಕ್ಕೆವು.

ನಮ್ಮ ಶೆಡ್ಡಿದ್ದಲ್ಲಿ ಹೋಟೆಲ್ ಆತು. ಬಾಗಿಲದಾಗ ಸಿಮೆಂಟಿನ ಹೆಣಮಗಳು, ಇಳಕಲ್ ಸೀರಿ ಬಣ್ಣಾ ಬಳದಾರ, ಕುಕ್ಕರಗಾಲಿಲೆ ಕೂತು ರೊಟ್ಟಿ ಬಡ್ಯಾಕತ್ತಾಳ. ಒಳಗ ಮಷೀನಿನ ರೊಟ್ಟಿ. ಮಂದಿ ಆಕಿ ಬಾಜೂ ಕೂತು ಫೋಟೋ ಹೊಡಕೋತಾರ. ನನ್ನ ಗಂಡ ಒಂದಿನ ಹೋಗಿ ನೋಡಿ ಬಂದ. "ನಿನ್ನಂಗೇ ಮಾಡ್ಯಾರ. ಒಂದೇ ಫರಕು, ಆಕಿ ಹತ್ರ ಕಿರಾಯಿ ಕೇಳಂಗಿಲ್ಲ" ಅಂದ.

ನಾವು ಊರ ಹೊರಗ ಶಹಾಪುರ ಹಾದೀ ಮ್ಯಾಲ ಮತ್ತ ತಗಡು ಹೊದಿಸಿದೆವು. ಸುತ್ತ ಮತ್ತ ಅದೇ ಜಾಲಿಕಂಟಿ. ಹಳೇ ಹಮಾಲರಿಗಿ ಅಷ್ಟು ದೂರ ಬರಾಕ ಆಗಂಗಿಲ್ಲ. ಅವರು ಈಗ ಸ್ಟೇಷನ್ನಿನ್ಯಾಗ ಚಹಾ ಬನ್ ತಿಂದು ಚೀಲಾ ಹೊರತಾರ. ನಮಗ ಲಾರಿಯವರು, ಬಸ್ಸಿನವರು ಗಿರಾಕಿ ಆದ್ರು. ಅಬ್ಬೆತುಮಕೂರಿನ ಮಠಕ್ಕ ಹೋಗಿ ತಿರುಗಿ ಶಹಾಪುರ ಕಡಿ ಹೊಂಟ ಮಂದೀನೂ ಗಾಡಿ ನಿಲ್ಲಸಾಕತ್ತಿದ್ರು. ಹೆಂಗೋ ಒಲಿ ಹತ್ತಿತು.

ಒಂದಿನ ಮಧ್ಯಾನ್ನ ಬಿಳಿ ಅಂಗಿ ದಲಾಲಿ ಬಂದ. ಹಿಂದ ಒಂದು ಕಾರು, ಕಾರಿನ್ಯಾಗ ಗಂಡ ಹೆಂಡತಿ. ಅವರಿಗಿ ಊಟಾ ಹೇಳಿ ತಾನು ಒಲಿ ಹಂತ್ಯಾಕ ಬಂದು ಕೂತ. ಹೊರಗಿನ ಕಂಟಿ ಕಡಿ ನೋಡಿ, ದನಿ ಇಳಿಸಿ ಅಂದ:

"ಅಕ್ಕಾರ, ಇಷ್ಟು ವರ್ಷ ನಾ ತಪ್ಪು ತಿಳಕೊಂಡಿದ್ದೆ. ಸ್ಟೇಷನ್ನಿಂದ ರೇಟ್ ಬರತದ ಅಂತ ಮಾಡಿದ್ದೆ. ಅಲ್ರೀ, ನಿಮ್ಮಿಂದ ಬರತದ. ನೀವು ಎಲ್ಲಿ ಕೂಡತೀರಿ, ಅಲ್ಲಿ ಜಾಗಾ ಏಳತದ. ಇಲ್ಲೀನೂ ಸುರು ಆಗ್ಯದ."

ನಾ ಹಿಟ್ಟಿನ ಕೈಲೆ ಸುತ್ತ ನೋಡಿದೆ. ಹೊಸಾ ಶೆಡ್ಡಿನ ಗ್ವಾಡಿ ಮಣ್ಣು ಇನ್ನೂ ಒಣಗಿರಲಿಲ್ಲ.

"ಇಲ್ಲಿಂದ ಎಬ್ಬಿಸಿದ ಮ್ಯಾಲ ಎಲ್ಲಿ ಹೋಗತೀರಿ?" ಅಂದ. "ಮೊದಲೇ ಹೇಳಿಬಿಡ್ರಿ. ನಾ ಈಗೇ ಅಲ್ಲಿ ಹೊಲ ಹಿಡೀತೀನಿ. ನಿಮಗೂ ಒಂದು ಪಾಲು ಇಡತೀನಿ."

ನನಗ ಮೈ ಎಲ್ಲಾ ಉರೀತು. "ಇನ್ನ ಸುಡಗಾಡಿಗಿ ಹೋಗೋದು ಒಂದೇ ಉಳದದಪಾ" ಅಂದೆ.

ಅವ ನಗಲಿಲ್ಲ. ಕಿಸೇದಾಗಿನ ಫೋನ್ ಹೊರಗ ತಗದ.

"ಯಾವ ಸುಡಗಾಡ್ರೀ, ಅಕ್ಕಾರ? ಹಳೇದೋ, ಬೈಪಾಸ್ ಹಂತ್ಯಾಕಿಂದೋ?"